ಕೊರಗಪ್ಪಣ್ಣ ಉಳಿಸಿಟ್ಟ ಉಪ್ಪುನೀರು

ಕೊರಗಪ್ಪಣ್ಣ ಏಣಿ ಹತ್ತುವುದನ್ನು ನೋಡಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಕರುಳು ಚುರುಕ್ ಎನ್ನುತ್ತದೆ. ಎರಡು ಮೆಟ್ಟಿಲು ಹತ್ತುತ್ತಾನೆ, ನಿಲ್ಲುತ್ತಾನೆ. ಕಂಬಿ ಹಿಡಿದುಕೊಂಡು ಮೇಲಕ್ಕೆ ನೋಡುತ್ತಾನೆ. ಮತ್ತೆ ಎರಡು. ಮೇಲೆ ಮುಟ್ಟಿದರೂ ಕೂರಲಿಕ್ಕೆ ಜಾಗ ಇಲ್ಲ. ಒಬ್ಬ ಮನುಷ್ಯ ನಿಲ್ಲುವಷ್ಟೇ ಅಗಲದ ಕಬ್ಬಿಣದ ಅಟ್ಟ ಅದು. ಎದುರಿಗೆ ಫರ್ನೇಸಿನ ಬಾಯಿ.

"ಹತ್ತುದು ಕಷ್ಟ ಅಲ್ಲ ಮಾರಾಯ," ಎನ್ನುತ್ತಾನೆ ಕೇಳಿದರೆ. "ನಾನು ಮೇಲೆ ಮುಟ್ತೇನೆ, ಉಸಿರು ಮಾತ್ರ ಕೆಳಗೇ ಉಳಿತದೆ. ಅದು ಬರುವವರೆಗೆ ಕಾಯ್ಬೇಕು, ಅಷ್ಟೆ."

ನಾನು ಕಾಂದಿವಲಿಯ ಈ ಇಂಡಸ್ಟ್ರಿಯಲ್ ಎಸ್ಟೇಟಿನ ಗೇಟಿನ ಪಕ್ಕ ಚಹಾ, ಇಡ್ಲಿ, ವಡಾಪಾವ್ ಮಾರುವವನು. ಹೊರಗಿನಿಂದ ನೋಡಿದರೆ ಶಟರಿನ ಅಂಗಡಿ, ಒಳಗೆ ಹೊಕ್ಕರೆ ಕಾರ್ಖಾನೆ, ಇಂಥ ಗಾಲಾಗಳು ಇಲ್ಲಿ ಸಾಲು ಸಾಲು. ಒಂದರಲ್ಲಿ ಬೆಲ್ಟಿನ ಬಕಲ್, ಒಂದರಲ್ಲಿ ಔಷಧಿಯ ಖಾಲಿ ಡಬ್ಬಿ, ಒಂದರಲ್ಲಿ ಏನು ಮಾಡುತ್ತಾರೆ ಎಂದು ಅವರಿಗೇ ಗೊತ್ತಿಲ್ಲ. ಎಲ್ಲ ಗಾಲಾಗಳಿಗೂ ಚಹಾ ಒಯ್ಯುವವನು ನಾನೇ ಆದ್ದರಿಂದ ಎಲ್ಲರ ಮನೆ ಸುದ್ದಿಯೂ ನನಗೆ ಪುಕ್ಕಟೆ ಸಿಗುತ್ತದೆ. ಕೇಳಿ ಸುಮ್ಮನಿರುವ ಗುಣ ಮಾತ್ರ ನನಗೆ ದೇವರು ಕೊಡಲಿಲ್ಲ.

ಕೊರಗಪ್ಪಣ್ಣನಿಗೆ ಈ ಲೋಕದಲ್ಲಿ ಬೇಕಾದದ್ದು ಒಂದೇ ಒಂದಾಗಿತ್ತು. ಕೂತು ಮಾಡುವ ಕೆಲಸ. ಎಸಿ ಆಫೀಸು ಬೇಡ, ದೊಡ್ಡ ಹೆಸರು ಬೇಡ. ಬಾಗಿಲ ಹತ್ತಿರ, ಫ್ಯಾನಿನ ಕೆಳಗೆ, ಹೊರಗಿನ ಗಾಳಿ ಬರುವಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಅಂಥ ಕುರ್ಚಿ ಅವನ ಗಾಲಾದಲ್ಲೇ ಒಂದಿತ್ತು. ಅದರ ಮೇಲೆ ಅಲ್ಲೇ ಕೆಲಸಕ್ಕಿದ್ದ ಶಿವಕುಮಾರಿ ಕೂರುತ್ತಿದ್ದಳು.

ಅವನು ಮೊದಲಿನಿಂದ ಫರ್ನೇಸಿನವನಲ್ಲ. ವಡಾಲದಲ್ಲಿ ಶೆಟ್ಟರೊಬ್ಬರ ಹೋಟೆಲು ಇತ್ತು. ಉಡುಪಿ ಕಡೆಯಿಂದ ಬಂದು ಅಲ್ಲಿ ಗ್ಲಾಸು ತೊಳೆಯಲು ಸೇರಿದವನು ಟೇಬಲ್ ಒರೆಸಿ, ರುಬ್ಬುವ ಕಲ್ಲಿನ ಹತ್ತಿರ ನಿಂತು, ಕೊನೆಗೆ ದೋಸೆ ಕಾವಲಿಗೆ ಬಂದ. ಅಲ್ಲಿಗೆ ಬಂದ ಮೇಲೆ ಮತ್ತೆ ಜಾಗ ಬದಲಿಸಲಿಲ್ಲ. ತೆಂಗಿನ ಕಡ್ಡಿಯ ಹಿಡಿಸೂಡಿಯಲ್ಲಿ ಕಾವಲಿಗೆ ನೀರು ಚಿಮುಕಿಸಿ, ಚುಂಯ್ ಎನ್ನುವ ಸದ್ದಿನಲ್ಲೇ ಕಾವು ತಿಳಿದು ಹಿಟ್ಟು ಸುರಿಯುತ್ತಿದ್ದ. ಅವನ ಪ್ರಾಯವೆಲ್ಲ ಬೆಂಕಿಯ ಎದುರು ನಿಂತೇ ಹೋಯಿತು. ಆಮೇಲೆ ಬಿಲ್ಡಿಂಗು ಒಡೆದು ಕಟ್ಟಲು ಹೋಯಿತು, ಹೋಟೆಲು ಮುಚ್ಚಿತು, ಶೆಟ್ಟರೂ ತೀರಿಕೊಂಡರು.

ಶೆಟ್ಟರ ಮಗ ಹಿತೇಶ್ ಕೆಮಿಕಲ್ ಎಂಜಿನಿಯರಿಂಗ್ ಓದಿದವನು. ಅವನಿಗೆ ಹೋಟೆಲಿನ ಮೇಲೆ ಮನಸ್ಸಿರಲಿಲ್ಲ. ಕಾಂದಿವಲಿಯಲ್ಲಿ ಈ ಗಾಲಾ ಹಿಡಿದು ಸೆರಾಮಿಕ್ ಪುಡಿ ಮಾಡಲು ಶುರು ಮಾಡಿದ. ತಾನು ಸಣ್ಣವನಿರುವಾಗ ಬೆಣ್ಣೆ ಹಾಕಿ ಪುಟಾಣಿ ದೋಸೆ ಹೊಯ್ದು ಕೊಡುತ್ತಿದ್ದ ಕೊರಗಪ್ಪಣ್ಣ ಕೆಲಸವಿಲ್ಲದೆ ಮಲಾಡಿನ ಚಾಳಿನಲ್ಲಿ ಕೂತಿದ್ದಾನೆ ಎಂದು ಗೊತ್ತಾಗಿ ಕರೆದುಕೊಂಡು ಬಂದ. "ಬಿಸಿಯ ಹತ್ತಿರ ನಿಂತು ಅಭ್ಯಾಸ ಇದೆಯಲ್ಲ, ಅಷ್ಟು ಸಾಕು" ಅಂದನಂತೆ. ಹುಡುಗ ಒಳ್ಳೆಯವನೇ. ಆದರೆ ಒಳ್ಳೆಯತನವೂ ಒಬ್ಬನನ್ನು ಒಂದು ಬೆಂಕಿಯಿಂದ ಎತ್ತಿ ಇನ್ನೊಂದು ಬೆಂಕಿಯ ಎದುರಿಗೆ ನಿಲ್ಲಿಸುವುದುಂಟು.

ಅಲ್ಲಿ ಆಗುವ ಕೆಲಸವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಶಿವಕುಮಾರಿ ಕೆಳಗೆ ಮೇಜಿನ ಹತ್ತಿರ ಕೂತು ಲೋಹದ ಉಪ್ಪುಗಳನ್ನು ತೂಗಿ ಶುದ್ಧ ನೀರಿನಲ್ಲಿ ಕರಗಿಸುತ್ತಾಳೆ. ಆ ಉಪ್ಪುನೀರಿನ ಕ್ಯಾನನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡು ಕೊರಗಪ್ಪಣ್ಣ ಅಟ್ಟದ ಮೇಲಿನ ಟಾಕಿಗೆ ಸುರಿಯುತ್ತಾನೆ. ಅಲ್ಲಿಂದ ಅದು ನಾಝಲಿಗೆ ಹೋಗಿ, ಮಂಜಿನಂತೆ ಸಣ್ಣ ಹನಿಯಾಗಿ, ಕೆಂಪಗೆ ಕಾದ ಉದ್ದನೆಯ ಕೊಳವೆಯೊಳಗೆ ಬೀಳುತ್ತದೆ. ಬೀಳುತ್ತಾ ಬೀಳುತ್ತಾ ನೀರು ಆರುತ್ತದೆ, ಉಪ್ಪು ಗಟ್ಟಿಯಾಗುತ್ತದೆ, ಉಪ್ಪಿನೊಳಗಿನ ಆಸಿಡ್ ಹೊಗೆಯಾಗಿ ಹೋಗುತ್ತದೆ. ಕೆಳಗಿನ ಚೀಲಕ್ಕೆ ಬರುವಾಗ ಮೈದಾದಂಥ ಬಿಳಿ ಪುಡಿ. ಒಂದೊಂದು ಹನಿಗೆ ಒಂದೊಂದು ಕಣ. ಕೊಳವೆಯ ಮೇಲ್ಭಾಗ ಬೇಕಾದ್ದಕ್ಕಿಂತ ಹೆಚ್ಚು ಕಾದಿದ್ದರೆ ಹನಿಯ ಹೊರಗೆ ಮೊದಲೇ ಸಿಪ್ಪೆ ಕಟ್ಟಿ, ಒಳಗಿನ ಹಬೆ ಹೊರಬರಲಾಗದೆ ಪೂರಿಯಂತೆ ಉಬ್ಬಿ, ಕಣ ಒಳಗೆ ಪೊಳ್ಳಾಗುತ್ತದೆ. ಅಂಥ ಪುಡಿಯನ್ನು ಯಾರೂ ಕೊಳ್ಳುವುದಿಲ್ಲ.

ಹೋಗುವ ಹೊಗೆ ಇದೆಯಲ್ಲ, ಅದೇ ತೊಂದರೆ. ಕಂದು ಬಣ್ಣದ್ದು. ಪೈಪಿನಲ್ಲಿ ಹೋಗಿ ಕ್ಷಾರದ ನೀರಿನ ಡ್ರಮ್ಮಿನಲ್ಲಿ ಕರಗಬೇಕು. ಬಹುಪಾಲು ಕರಗುತ್ತದೆ. ಉಳಿದದ್ದು ಮೇಲೆ ನಿಂತವನ ಮೂಗಿಗೆ. ಮಾಸ್ಕ್ ಕೊಟ್ಟಿದ್ದಾರೆ, ಆದರೆ ಆ ಸೆಕೆಯಲ್ಲಿ ಮಾಸ್ಕ್ ಹಾಕಿಕೊಂಡರೆ ಹೊಗೆಗಿಂತ ಮೊದಲು ಮಾಸ್ಕೇ ಜೀವ ತೆಗೆಯುತ್ತದೆ ಎನ್ನುತ್ತಾನೆ. ಅವನ ಕೆಮ್ಮು ಹೊರಗೆ ನನ್ನ ಬೆಂಚಿನವರೆಗೆ ಕೇಳುತ್ತಿತ್ತು. ಮಲಾಡಿನ ಡಾಕ್ಟರು, "ಆ ಜಾಗ ಬಿಡಿ, ಇಲ್ಲದಿದ್ದರೆ ನನ್ನ ಹತ್ತಿರ ಬರುವುದನ್ನು ಬಿಡಿ" ಎಂದು ಬೈದು ಕಳಿಸಿದ್ದರು. ಅವನ ಹೆಂಡತಿ ಸೇವಂತಕ್ಕ ಚಾಳಿನಲ್ಲಿ ನಾಲ್ಕು ಮನೆಗೆ ಚಪಾತಿ ಮಾಡಿಕೊಟ್ಟು ಸಂಸಾರಕ್ಕೆ ಹೆಗಲು ಕೊಟ್ಟವಳು. ಮಗಳು ಯಕ್ಷಿತಾ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಇನ್ನು ಬೇಕಾದದ್ದು ಗಂಡನ ಎದೆಯೊಳಗಿನ ಆ ಸಿಳ್ಳೆ ನಿಲ್ಲುವುದು, ಅಷ್ಟೇ. ಅದಕ್ಕಾಗಿ ಅವಳು ಹರಕೆ ಹೊರದ ದೈವ ಇಲ್ಲ.

ಇಷ್ಟರಲ್ಲಿ ಹಿತೇಶನಿಗೆ ಒಂದು ದೊಡ್ಡ ಆಸೆ ಹುಟ್ಟಿತು. ಅದುವರೆಗೆ ಅವನು ಮಾಡುತ್ತಿದ್ದದ್ದು ಗಾಜು ತಿಕ್ಕುವ ಪುಡಿ, ಕುಲುಮೆಗೆ ಬಳಿಯುವ ಪುಡಿ, ಇಂಥವು. ಈಗ ಹಲ್ಲಿನ ಕ್ಯಾಪ್ ಮಾಡುವ ಕಂಪನಿಯೊಂದು ಪುಡಿ ಕೇಳಿತ್ತು. ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ, ಕೊರೆದು, ಸುಟ್ಟರೆ ಗಟ್ಟಿ ಹಲ್ಲು. ಸ್ಯಾಂಪಲ್ ಪಾಸಾದರೆ ವರ್ಷವಿಡೀ ಕೆಲಸ. "ಕೊರಗಪ್ಪಣ್ಣ, ಇದೊಂದು ಪಾಸ್ ಆಗ್ಲಿ," ಅಂದ ಹಿತೇಶ್. "ಮೇಲೆ ನಿಲ್ಲೋ ಕೆಲ್ಸಕ್ಕೆ ಬೇರೆ ಆದ್ಮಿ ಇಡ್ತೇನೆ. ನಿಮಗೆ ಕೆಳಗೆ ಇನ್ನೊಂದು ಟೇಬಲ್, ಚೇರ್. ಪ್ರಾಮಿಸ್." ಮಾತಿಗೆ ತಕ್ಕಂತೆ ಸಂತು ಎಂಬವನನ್ನು ಕರೆಸಿ ಫರ್ನೇಸು ಕಲಿಯಲು ಬಿಟ್ಟ. ಸಂತು ಅದಕ್ಕೂ ಮುಂಚೆ ರಿಕ್ಷಾ ಓಡಿಸುತ್ತಿದ್ದವನು, ನಲವತ್ತರ ಹತ್ತಿರದ ಪ್ರಾಯ, ಮೊದಲ ದಿನವೇ ಹೊಗೆ ಕುಡಿದು ನನ್ನಲ್ಲಿಗೆ ಬಂದು ಎರಡು ಸೋಡಾ ಇಳಿಸಿದ.

ಸ್ಯಾಂಪಲ್ ಎರಡು ತರದ್ದು. ಒಂದು, ಮನುಷ್ಯರ ಹಲ್ಲಿನ ಹಾಗೆ ಸ್ವಲ್ಪ ಹಳದಿ ಛಾಯೆ ಬರಬೇಕಾದದ್ದು. ಅದಕ್ಕೆ ಉಪ್ಪುನೀರಿನಲ್ಲಿ ಚೂರು ಕಬ್ಬಿಣದ ಉಪ್ಪು ಸೇರಿಸಿದ್ದರು. ಇನ್ನೊಂದು ಹಾಲಿನಂತೆ ಬಿಳಿ. ಕಂಪನಿಗೆ ಮುಖ್ಯವಾಗಿ ಬೇಕಿದ್ದದ್ದು ಈ ಬಿಳಿಯದ್ದೇ. ಮೊದಲು ಹಳದಿಯದ್ದು ಹೊಡೆದರು. ಮುಗಿದ ಮೇಲೆ ಟಾಕಿ, ಪೈಪು, ಕ್ಯಾನು, ಎಲ್ಲ ತೊಳೆದರು. ಮರುದಿನ ಬಿಳಿಯದ್ದು.

ಇಲ್ಲಿ ನಾನು ಹೋಟೆಲಿನವರ ಒಂದು ಅಭ್ಯಾಸ ಹೇಳಬೇಕು. ದೋಸೆ ಹಿಟ್ಟಿನ ಪಾತ್ರೆಯನ್ನು ನಾವು ಯಾವತ್ತೂ ಪೂರ್ತಿ ಬರಿದು ಮಾಡುವುದಿಲ್ಲ. ತಳದಲ್ಲಿ ಒಂದು ಸೌಟು ಹಳೆ ಹಿಟ್ಟು ಉಳಿಸಿ ಹೊಸ ಹಿಟ್ಟಿಗೆ ಕಲಸುತ್ತೇವೆ. ಹಾಗೆ ಮಾಡಿದರೆ ಹುಳಿ ಚೆನ್ನಾಗಿ ಬರುತ್ತದೆ, ನಿನ್ನೆಯ ರುಚಿ ಇವತ್ತೂ ಇರುತ್ತದೆ. ನಾನೂ ಮಾಡುತ್ತೇನೆ, ನನ್ನ ಅಪ್ಪನೂ ಮಾಡುತ್ತಿದ್ದ. ಹಿಟ್ಟಿಗೆ ಅದು ಸರಿ. ಕೊರಗಪ್ಪಣ್ಣ ಅದನ್ನು ಫರ್ನೇಸಿನ ಅಟ್ಟಕ್ಕೂ ಒಯ್ದಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅವನದ್ದು ಸಾವಿರ ಡಿಗ್ರಿಯ ಮುಂದೆ ನಿಂತರೂ ಹೋಗಿರಲಿಲ್ಲ.

ಹೊಸ ಉಪ್ಪುನೀರು ಹಾಕಿದಾಗಲೆಲ್ಲ ನಾಝಲು ಮೊದಲು ನಾಲ್ಕು ಸಲ ಕೆಮ್ಮುತ್ತಿತ್ತು. ಅದು ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯಂತೆ, ತನ್ನಷ್ಟಕ್ಕೇ ಹೋಗುತ್ತದಂತೆ. ಇವನಿಗೆ ಮಾತ್ರ ಹೊಸ ನೀರು ಇನ್ನೂ ಹದಕ್ಕೆ ಬಂದಿಲ್ಲ ಅನ್ನಿಸಿತು. ಹಾಗಾಗಿ ಪ್ರತಿ ಸಲ ಉಳಿದ ಉಪ್ಪುನೀರಿನಲ್ಲಿ ಒಂದು ಮಗ್ಗಿನಷ್ಟನ್ನು ಅಟ್ಟದ ಮೂಲೆಯಲ್ಲಿ ಮುಚ್ಚಿಟ್ಟು, ಮರುದಿನದ ಹೊಸ ನೀರಿಗೆ ಸೇರಿಸುತ್ತಿದ್ದ. ಉಳಿದದ್ದನ್ನೆಲ್ಲ ಕೆಳಗೆ ವೇಸ್ಟ್ ಡ್ರಮ್ಮಿಗೆ ಕಳಿಸಬೇಕೆಂದು ಹಿತೇಶ್ ಹೇಳಿದ್ದ. ಒಂದು ಮಗ್ಗು ಏನು ಮಹಾ ಎಂದು ಇವನು ಅಂದುಕೊಂಡ. ಗಾಜು ತಿಕ್ಕುವ ಪುಡಿ ಮಾಡುವಾಗ ಎಲ್ಲವೂ ಒಂದೇ ಉಪ್ಪು ಆದ್ದರಿಂದ ಏನೂ ಆಗಲೂ ಇಲ್ಲ. ಎಷ್ಟೋ ವರ್ಷ ಯಾರಿಗೂ ಗೊತ್ತೂ ಆಗಲಿಲ್ಲ.

ಬಿಳಿಯ ಸ್ಯಾಂಪಲಿನ ಬೆಳಿಗ್ಗೆಯೂ ಹಾಗೇ ಮಾಡಿದ. ಅದೂ ಆ ದಿನ ಕಣ್ಣು ಮುಚ್ಚಿ ಕೈಮುಗಿದು, ಇದೊಂದು ಚೆನ್ನಾಗಿ ಬರಲಿ ಸ್ವಾಮೀ ಎಂದು ಬೇಡಿಕೊಂಡು, ಹಿಂದಿನ ದಿನದ ಹಳದಿ ಛಾಯೆಯ ನೀರನ್ನು ಒಂದು ಮಗ್ಗು ಸುರಿದ. ಕೆಡಿಸಬೇಕೆಂದು ಮಾಡಿದ್ದಲ್ಲ. ಆ ಕುರ್ಚಿ ಸಿಗಲಿ ಎಂದೇ ಮಾಡಿದ್ದು.

ಪುಡಿ ಬಿಳಿಯಾಗಿಯೇ ಬಂತು. ಎಲ್ಲರಿಗೂ ಖುಷಿಯಾಯಿತು, ಹಿತೇಶ್ ನನ್ನ ಕೈಯಲ್ಲಿ ಎಲ್ಲರಿಗೂ ಜಿಲೇಬಿ ತರಿಸಿದ. ಬಣ್ಣ ಕಾಣಿಸುವುದು ಪುಡಿಯನ್ನು ಒತ್ತಿ ಸುಟ್ಟ ಮೇಲೆ ಎಂದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ. ಕೆಲವು ವಾರ ಕಳೆದು ಕಂಪನಿಯಿಂದ ಫೋನ್ ಬಂತು. ಸುಟ್ಟ ಬಿಲ್ಲೆಗಳು ಹಳದಿಗೆ ತಿರುಗಿವೆ, ಟೆಸ್ಟ್ ಮಾಡಿದರೆ ಕಬ್ಬಿಣ ಇದೆ, ನಿಮ್ಮ ಮಾಲು ಬೇಡ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಿತೇಶನ ಮುಖ ನೋಡಲಾಗುತ್ತಿರಲಿಲ್ಲ. ಚಹಾ ತಣ್ಣಗಾದರೂ ಗ್ಲಾಸು ಹಿಡಿದುಕೊಂಡೇ ನಿಂತಿದ್ದ.

ಆಮೇಲೆ ಅವನು ಶಿವಕುಮಾರಿಯನ್ನು ಕರೆದ. ನಾನು ಅಲ್ಲೇ ಗ್ಲಾಸು ಎತ್ತುತ್ತಿದ್ದೆ.

"ಶಿವಕುಮಾರಿ, ಅದು ಕಬ್ಬಿಣದ ಸಾಲ್ಟ್ ಹಾಕಿದ ಬಾಲ್ಟಿ, ನೀವು ವಾಶ್ ಮಾಡ್ದೆ ಯೂಸ್ ಮಾಡಿದ್ರಾ? ಸಚ್ ಬೋಲೋ."

"ಇಲ್ರೀ ಸಾಹೇಬ್ರ," ಅಂದಳು ಅವಳು. ಕಲಬುರಗಿ ಕಡೆಯ ಹೆಂಗಸು, ಗಂಡ ಹಣಮಂತ ಸೆಂಟ್ರಿಂಗ್ ಕೆಲಸದವನು. "ಬಕೀಟ ತೊಳದೀನ್ರಿ, ಒಂದಲ್ಲ ಮೂರ ಸಲ ತೊಳದೀನಿ. ನೀವ ಕೊಟ್ಟಿದ್ದ ನೀರಿಲೇನ ತೊಳದೀನಿ. ನನ್ನ ಮಕ್ಕಳ ಆಣಿರಿ."

"ಫಿರ್ ಆಯಾ ಕಹಾಂ ಸೇ? ಆಕಾಶದಿಂದ ಬಿತ್ತಾ?"

ಕೊರಗಪ್ಪಣ್ಣ ಏಣಿಯ ಬುಡದಲ್ಲಿ ನಿಂತಿದ್ದ. ಕಬ್ಬಿಣ ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ಅವನಿಗೆ ಮಗ್ಗು ನೆನಪಾಗಿತ್ತಂತೆ. ಬಾಯಿ ತೆರೆದನಂತೆ ಕೂಡ. ಆದರೆ ಕೆಮ್ಮು ಬಂತು, ಕೆಮ್ಮು ಮುಗಿಯುವಷ್ಟರಲ್ಲಿ ಹಿತೇಶ್ ಮುಂದಿನ ಮಾತು ಆಡಿಬಿಟ್ಟಿದ್ದ. ದೊಡ್ಡ ಆರ್ಡರ್ ಹೋಯಿತು, ಇನ್ನು ಇಷ್ಟು ಜನರನ್ನು ಇಟ್ಟುಕೊಳ್ಳಲು ತನ್ನಿಂದಾಗದು. ಶಿವಕುಮಾರಿ ನಾಳೆಯಿಂದ ಬರುವುದು ಬೇಡ. ಕೊರಗಪ್ಪಣ್ಣನ ಉಸಿರು ಸರಿ ಇಲ್ಲ, ಅವನು ಮಿಕ್ಸಿಂಗ್ ಟೇಬಲಿಗೆ ಕೂರಲಿ. ಮೇಲೆ ಸಂತು ನಿಲ್ಲಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಎತ್ತಿಗೆ ಮಲಗಲು ಹುಲ್ಲನ್ನೂ ಹಾಸಿಕೊಟ್ಟರು ಎಂಬುದಷ್ಟೇ ಹೊಸದು.

ಶಿವಕುಮಾರಿ ಅಳಲಿಲ್ಲ. ತನ್ನ ಡಬ್ಬಿ, ಚಪ್ಪಲಿ, ಮೇಜಿನ ಮೇಲಿನ ಯಲ್ಲಮ್ಮನ ಸಣ್ಣ ಫೋಟೋ ಚೀಲಕ್ಕೆ ಹಾಕಿಕೊಂಡಳು. ಹೋಗುವಾಗ ಕೊರಗಪ್ಪಣ್ಣನಿಗೆ, "ಅಣ್ಣಾ, ಈ ಕುರ್ಚಿದು ಹಿಂದಿನ ಕಾಲು ಸೀಳ್ಯಾದ. ಗ್ವಾಡಿಗಿ ಹಚ್ಚಿ ಕೂಡ್ರಿ, ಇಲ್ಲಾಂದ್ರ ಬೀಳ್ತೀರಿ" ಎಂದು ಹೇಳಿ ಹೋದಳು.

ಅವತ್ತು ಮನೆಗೆ ಹೋದವನು ಎಲ್ಲವನ್ನೂ ಸೇವಂತಕ್ಕನಿಗೆ ಹೇಳಿದ. ಅವರು ತುಳುವಿನಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಇದೆಲ್ಲ ನನಗೆ ಗೊತ್ತಾದದ್ದೂ ಎಲ್ಲ ಮುಗಿದ ಮೇಲೆ, ಅವಳ ಬಾಯಿಂದಲೇ. ಸೇವಂತಕ್ಕ ಚಪಾತಿ ಲಟ್ಟಿಸುತ್ತಾ ಕೇಳಿದಳು. ಕೇಳಿ ಮುಗಿದ ಮೇಲೂ ಲಟ್ಟಿಸುತ್ತಲೇ ಇದ್ದಳು.

"ಈಗ ಹೇಳಿದರೆ ಎಂತ ಆಗ್ತದೆ?" ಎಂದಳು ಕೊನೆಗೆ.

"ಅವಳನ್ನು ವಾಪಸು ಕರೀತಾರೆ. ನಾನು ಮೇಲೆ. ಇಲ್ಲದಿದ್ದರೆ ಮನೆಗೆ."

"ಹಾಗಾದರೆ ಹೇಳುದು ಬೇಡ."

"ಅವಳದ್ದು ಎಂತ ತಪ್ಪು ಉಂಟು ಸೇವಂತಿ?"

"ತಪ್ಪು ಇಲ್ಲ. ನನಗೂ ಗೊತ್ತುಂಟು. ಆದರೆ ಅವಳಿಗೆ ಪ್ರಾಯ ಉಂಟು, ಬೇರೆ ಕೆಲಸ ಸಿಗ್ತದೆ. ನಿಮಗೆ ಬೇರೆ ಎದೆ ಸಿಗ್ತದಾ?"

ಸೇವಂತಕ್ಕನನ್ನು ನಾನು ದೂರುವುದಿಲ್ಲ. ರಾತ್ರಿಯೆಲ್ಲ ಪಕ್ಕದಲ್ಲಿ ಗಂಡನ ಎದೆ ಸಿಳ್ಳೆ ಹಾಕುವುದನ್ನು ಕೇಳುತ್ತಾ ಮಲಗಿದವಳು ಅವಳು, ನಾನಲ್ಲ. ನ್ಯಾಯದ ಮಾತು ಆಡುವುದು ಕೆಮ್ಮು ಇಲ್ಲದವರಿಗೆ ಸಲೀಸು.

ಹೀಗೆ ಕೊರಗಪ್ಪಣ್ಣನಿಗೆ ಕುರ್ಚಿ ಸಿಕ್ಕಿತು. ನಾನು ಏನೂ ಗೊತ್ತಿಲ್ಲದೆ, "ಏನು ಮಾರಾಯ, ಪಟ್ಟಾಭಿಷೇಕ ಆಯ್ತಲ್ಲ!" ಎಂದು ಗೇಲಿ ಮಾಡಿದೆ. ಅವನು ನಕ್ಕ. ಅವನು ಅಷ್ಟು ಹಾಯಾಗಿ ಕೂತದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಕುರ್ಚಿಯನ್ನು ಗೋಡೆಗೆ ಆನಿಸಿ, ಕಾಲು ಚಾಚಿ, ಬಾಗಿಲಿನಿಂದ ಬರುವ ಗಾಳಿಗೆ ಮುಖ ಒಡ್ಡಿ ಉಪ್ಪು ತೂಗುತ್ತಿದ್ದ. ಹಿತೇಶ್ ಬರೆದು ಅಂಟಿಸಿದ ಅಳತೆಯನ್ನು ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದುತ್ತಿದ್ದ. ಕೆಮ್ಮು ಕಡಿಮೆಯಾಯಿತು. ಮೂರು ಇಡ್ಲಿ ತಿನ್ನುವವನು ಐದಕ್ಕೆ ಬಂದ. ಮಧ್ಯಾಹ್ನ ಊಟವಾದ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದ, ನಿಂತೇ ಬಾಳಿದ ಮನುಷ್ಯ. ಆ ನಿದ್ದೆ ನೋಡಿ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಮೇಲೆ ಸಂತು ಎಲ್ಲರ ಅಪ್ಪ ಅಮ್ಮನನ್ನು ಬೈಯುತ್ತಾ ಫರ್ನೇಸು ನೋಡಿಕೊಳ್ಳುತ್ತಿದ್ದ. ಹಿತೇಶ್ ಮತ್ತೆ ಗಾಜು ತಿಕ್ಕುವ ಪುಡಿಗೇ ಇಳಿದಿದ್ದ. ಶಿವಕುಮಾರಿಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಒಂದು ಸಲ ನಾನೇ ಎತ್ತಿದೆ. ಕೊರಗಪ್ಪಣ್ಣ, "ತಕ್ಕಡಿ ಅಲ್ಲಾಡ್ತದೆ, ಮಾತಾಡಬೇಡ ಮಾರಾಯ" ಎಂದು ಮುಖ ತಿರುಗಿಸಿದ.

ಸ್ಟೇಷನ್ನಿನಿಂದ ಎಸ್ಟೇಟಿಗೆ ಬರುವ ದಾರಿಯಲ್ಲಿ ಹಳೆಯ ಸೊಸೈಟಿಯೊಂದನ್ನು ಒಡೆದು ಟವರ್ ಕಟ್ಟುತ್ತಿದ್ದಾರೆ. ಒಂದು ಬೆಳಿಗ್ಗೆ ಕೊರಗಪ್ಪಣ್ಣ ಮಲಾಡಿನಿಂದ ಲೋಕಲ್ಲಿನಲ್ಲಿ ಬಂದು ಆ ದಾರಿ ಹಿಡಿದು ನಡೆಯುತ್ತಿದ್ದ. ಹಸಿರು ಬಟ್ಟೆ ಕಟ್ಟಿದ ಆ ಬಿಲ್ಡಿಂಗಿನ ಗೇಟಿನಲ್ಲಿ ಮರಳಿನ ಬುಟ್ಟಿ ಹೊತ್ತ ಹೆಂಗಸರ ಸಾಲು. ಸಾಲಿನಿಂದ ಯಾರೋ "ಅಣ್ಣಾ" ಎಂದು ಕರೆದರು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಬುಟ್ಟಿ, ಕತ್ತು ಬಿಗಿದುಕೊಂಡು ನಿಂತವಳು ಶಿವಕುಮಾರಿ.

"ಆರಾಮ ಅದೀರಿ ಅಣ್ಣಾ? ಉಸುರು ಹೆಂಗದ ಈಗ?"

ಇವನು ಹೌದು ಎಂದು ತಲೆಯಾಡಿಸಿದ.

"ಮಾರಿ ಮ್ಯಾಲ ಕಳಿ ಬಂದದ. ಕುಂತ ಕೆಲಸ ನಿಮಗ ಚಲೋ ಆತು ಬಿಡ್ರಿ," ಎಂದಳು. ಕುಹಕ ಇರಲಿಲ್ಲ, ನಿಜವಾಗಿ ಸಂತೋಷಪಟ್ಟೇ ಹೇಳಿದಳು. "ನನ್ನ ಹಣೇಬರಕ್ಕ ಯಾರೇನ ಮಾಡ್ತಾರ. ಆ ಬಕೀಟ ನಾ ಎಲ್ಲಿ ಬಿಟ್ಟೆ ಅಂತ ದಿನಾ ಯೋಚನಿ ಮಾಡ್ತೀನ್ರಿ. ತೊಳದಿದ್ದೆ ಅಂತ ಅನ್ನಸ್ತದ. ಆದ್ರ ಸಾಹೇಬ್ರು ಓದಿದವ್ರು, ಅವ್ರು ಸುಳ್ಳ ಯಾಕ ಹೇಳ್ತಾರ. ನಾನಽ ಮರತಿರಬೇಕು."

ಹಿಂದಿನಿಂದ ಕೆಲಸ ನೋಡುವ ಮುಕಾದಮ ಕೂಗಿದ. ಅವಳು ತಿರುಗಿ ಮೆಟ್ಟಿಲು ಹತ್ತಿದಳು. ಟವರಿನ ಮೆಟ್ಟಿಲಿಗೆ ಇನ್ನೂ ಕಂಬಿ ಇರಲಿಲ್ಲ.

ಕೊರಗಪ್ಪಣ್ಣ ಅಲ್ಲಿಂದ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಅವಳ ಕೆಲಸ ಹೋದದ್ದು ಒಂದು ತೂಕದ ಪಾಪವಾದರೆ, ಮಾಡದ ತಪ್ಪನ್ನು ತಾನೇ ಮಾಡಿದ್ದೇನೆಂದು ಅವಳು ನಂಬತೊಡಗಿದ್ದು ಅದಕ್ಕಿಂತ ದೊಡ್ಡದಾಗಿ ಕಂಡಿತು ಅವನಿಗೆ. ಬೈದಿದ್ದರೆ ಸಹಿಸಬಹುದಿತ್ತು ಎಂದು ಆಮೇಲೆ ನನ್ನಲ್ಲಿ ಹೇಳಿದ. ನೇರವಾಗಿ ಗಾಲಾಕ್ಕೆ ಹೋದ. ಹಿತೇಶ್ ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ.

"ಧಣಿ, ಆ ಕಬ್ಬಿಣ ನಾನು ಹಾಕಿದ್ದು" ಎಂದ.

ಹಿತೇಶನಿಗೆ ಅರ್ಥವಾಗಲಿಲ್ಲ. ಕೊರಗಪ್ಪಣ್ಣ ಮಗ್ಗಿನ ಕಥೆ ಹೇಳಿದ. ದೋಸೆ ಹಿಟ್ಟಿನಿಂದ ಶುರು ಮಾಡಿ ಹೇಳಿದ. ಹೇಳುತ್ತಾ ಹೋದಂತೆ ಹಿತೇಶ್ ಕೂತುಬಿಟ್ಟ. ಬೈಯುತ್ತಾನೆ ಎಂದುಕೊಂಡರೆ ಬೈಯಲಿಲ್ಲ. ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ.

"ಇಷ್ಟು ವರ್ಷ? ಹರ್ ಬಾರ್?"

"ಪ್ರತಿ ಸಲ."

"ಮತ್ತೆ ನಾನು ಪಾಪ ಬಿಚಾರಿ ಅವಳಿಗೆ..." ಮಾತು ಅಲ್ಲಿಗೇ ನಿಲ್ಲಿಸಿದ. "ಕಂಪನಿಯವ್ರು ಇನ್ನು ನನ್ನ ಫೋನ್ ಎತ್ತೋದಿಲ್ಲ ಕೊರಗಪ್ಪಣ್ಣ. ಈಗ ಸಚ್ ಗೊತ್ತಾಗಿ ಕ್ಯಾ ಫಾಯ್ದಾ?"

"ಕಂಪನಿಗೆ ಇಲ್ಲ. ಆ ಹೆಂಗಸನ್ನು ವಾಪಸು ಕರೀರಿ. ನನ್ನನ್ನು ಎಲ್ಲಿ ಬೇಕಾದರೂ ಹಾಕಿ. ಬೇಡ ಅಂದರೆ ಮನೆಗೆ ಹೋಗ್ತೇನೆ."

ಹಿತೇಶ್ ಅವನನ್ನು ಮನೆಗೆ ಕಳಿಸಲಿಲ್ಲ. ಅಪ್ಪನ ಕಾಲದವನನ್ನು ಕಳಿಸಲು ಮನಸ್ಸು ಬರಲಿಲ್ಲವೋ, ಫರ್ನೇಸಿಗೆ ಬೇರೆ ಜನ ಸಿಗುವುದಿಲ್ಲವೆಂದೋ ನನಗೆ ಗೊತ್ತಿಲ್ಲ. ಎರಡೂ ಇರಬಹುದು. ಆದರೆ ಎರಡನೇ ಕುರ್ಚಿಯ ಮಾತು ಆರ್ಡರಿನ ಜೊತೆಗೇ ಹೋಗಿತ್ತು. ಮೇಜಿಗೆ ಶಿವಕುಮಾರಿ ಬಂದರೆ ಇವನು ಮೇಲೆಯೇ ಹೋಗಬೇಕು. ಸುದ್ದಿ ಕೇಳಿದ ಸಂತು ಅದನ್ನೇ ನೆಪ ಮಾಡಿಕೊಂಡು ಗ್ಲೌಸು ಬಿಚ್ಚಿಟ್ಟು, ನನ್ನಲ್ಲಿ ಕೊನೆಯ ಸೋಡಾ ಕುಡಿದು ತನ್ನ ರಿಕ್ಷಾಕ್ಕೆ ವಾಪಸಾದ. ಸೇವಂತಕ್ಕ ಮಾತ್ರ ಆ ವಾರವೆಲ್ಲ ಗಂಡನ ಹತ್ತಿರ ಮಾತಾಡಲಿಲ್ಲ. ಡಬ್ಬಿಗೆ ಊಟ ಹಾಕಿ ಬಾಗಿಲಲ್ಲಿ ಇಡುತ್ತಿದ್ದಳು, ಅಷ್ಟೆ.

ಶಿವಕುಮಾರಿಯನ್ನು ಕರೆಯಲು ಹಿತೇಶನೇ ಆ ಬಿಲ್ಡಿಂಗಿಗೆ ಹೋಗಿದ್ದ. ತಪ್ಪಾಯಿತು ಎಂದೂ ಹೇಳಿದನಂತೆ, ಅರ್ಧ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ. ಮರುದಿನ ಅವಳು ಬಂದಾಗ ನಾನು ಚಹಾ ಹಿಡಿದು ಒಳಗೆ ಹೋದೆ. ನನಗೆ ಚಹಾ ಕೊಡುವುದಕ್ಕಿಂತ ನೋಡುವ ಚಪಲ ಹೆಚ್ಚು, ಸುಳ್ಳು ಯಾಕೆ ಹೇಳಲಿ. ಕೊರಗಪ್ಪಣ್ಣ ಮೇಜಿನ ಮೇಲಿದ್ದ ತನ್ನ ಕನ್ನಡಕ, ಕರವಸ್ತ್ರ ತೆಗೆದು ಜಾಗ ಖಾಲಿ ಮಾಡುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು. ಅಂಗೈಗಳಲ್ಲಿ ಸಿಮೆಂಟು ಕಚ್ಚಿ ಬಿರುಕು ಬಿಟ್ಟಿತ್ತು.

"ಅಣ್ಣಾ, ಒಂದ ಮಾತ ಕೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ."

"ಕೇಳಮ್ಮ."

"ತಪ್ಪು ಎಲ್ಲಾರ ಕೈಲೂ ಆಗ್ತದ. ಮಗ್ಗಿನ ನೀರ ಹಾಕಿದ್ದಕ್ಕ ನಾ ಏನೂ ಅನ್ನಂಗಿಲ್ಲ, ಒಳ್ಳೇದಾಗ್ಲಿ ಅಂತ ಹಾಕೀರಿ. ಆದ್ರ ಕಬ್ಬಿಣ ಅಂದ ದಿನಾನಽ ನಿಮಗ ಗೊತ್ತಾಗಿತ್ತಲ್ರಿ. ನಾ ಇಲ್ಲೇ ನಿಂತಿದ್ದೆ. ಆವತ್ತ ಹೋಗ್ಲಿ, ಮರುದಿನ? ಅದರ ಮರುದಿನ? ಇಷ್ಟ ದಿನಾ ಯಾಕ ಹೇಳಲಿಲ್ಲ?"

ಹಿತೇಶ್ ಫೋನು ನೋಡುವವನಂತೆ ನಟಿಸಿದ. ಕೊರಗಪ್ಪಣ್ಣ, ಹೆಂಡತಿ ಬೇಡ ಅಂದಳು ಎನ್ನಬಹುದಿತ್ತು, ಡಾಕ್ಟರ ಮಾತು ಹೇಳಬಹುದಿತ್ತು. ಎರಡೂ ನಿಜವೇ. ಅವನು ಎರಡನ್ನೂ ಹೇಳಲಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ.

"ದಣಿವಾಗಿತ್ತಮ್ಮ," ಅಂದ. "ಕೂತಿದ್ದೆ. ಏಳಲಿಕ್ಕೆ ಆಗಲಿಲ್ಲ."

ಶಿವಕುಮಾರಿ ಅವನ ಮುಖವನ್ನೇ ನೋಡಿದಳು. ಸೆರಗಿನಿಂದ ಕುರ್ಚಿ ಒರೆಸಿದಳು, ಅದನ್ನು ಗೋಡೆಗೆ ಆನಿಸಿಕೊಂಡಳು. ಮೆಲ್ಲಗೆ, ಸೊಂಟಕ್ಕೆ ಕೈ ಕೊಟ್ಟುಕೊಂಡು ಕೂತಳು. ಕೂತ ಮೇಲೆ ಅವಳ ಬಾಯಿಂದ ತಾನಾಗಿ ಒಂದು "ಅವ್ವಾ" ಹೊರಟಿತು, ಕಣ್ಣು ಮುಚ್ಚಿಕೊಂಡವು. ತೂಗಬೇಕಾದ ಉಪ್ಪು ಎದುರಿಗೇ ಇದ್ದರೂ ಸುಮಾರು ಹೊತ್ತು ಅವಳು ಅದನ್ನು ಮುಟ್ಟಲಿಲ್ಲ. ಯಾರೂ ಏಳು ಎನ್ನಲಿಲ್ಲ.